ಅಳಿವೆಯ ಕೆಸರಿನ ಅಯಸ್ಕಾಂತ

ಕಂಕನಾಡಿ, ಮಂಗಳೂರು
10 ಜೂನ್ 2024

ಸುಮಯ್ಯಾ,

‘ಪ್ರೀತಿಯ’ ಎಂದು ಬರೆಯಲು ಕೈ ಹೋಯಿತು, ತಡೆದೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ದಿನಗಳಿಂದ ಇವತ್ತಿನವರೆಗೆ ಆ ಮಾತಿಲ್ಲದೆ ನಿನಗೆ ಒಂದು ಚೀಟಿಯನ್ನೂ ಬರೆದವಳಲ್ಲ ನಾನು. ವಾಟ್ಸಾಪಿನಲ್ಲಿ ಯಾಕೆ ಬೈಯಲಿಲ್ಲ ಎಂದು ಕೇಳಬೇಡ. ಅಲ್ಲಿ ಬೈದರೆ ನೀನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಮಾತು ಮುಗಿಸುತ್ತೀ. ನನ್ನ ಸಿಟ್ಟು ಅಷ್ಟು ಅಗ್ಗದ್ದಲ್ಲ. ಡ್ರೆಸ್ಡೆನ್ನಿನವರೆಗೆ ಅಂಚೆಯಲ್ಲೇ ಬರಲಿ. ನೀನು ಕವರು ಒಡೆದು, ಕುರ್ಚಿಯಲ್ಲಿ ಕುಳಿತು, ಪೂರ್ತಿ ಓದು.

ನಿನ್ನ ಲ್ಯಾಬಿನ ವರದಿ ಶುಕ್ರವಾರ ಬಂತು. ನನಗಲ್ಲ, ನಮ್ಮ ಪ್ರಿನ್ಸಿಪಾಲರಿಗೆ. ಅವರು ಕರೆಸಿದರೆಂದು ಹೋದರೆ ಜೆರೋಮ್ ಸರ್ ಕೂಡ ಅಲ್ಲಿ ಕುಳಿತಿದ್ದಾರೆ. ನಮಗಿಬ್ಬರಿಗೂ ಕೆಮಿಸ್ಟ್ರಿ ಕಲಿಸಿದ ಅದೇ ಜೆರೋಮ್ ಸರ್. ಈಗ ನಿವೃತ್ತರಾಗಿ, ನನ್ನ ಮೇಲಿನ ವಿಚಾರಣಾ ಸಮಿತಿಗೆ ಅಧ್ಯಕ್ಷರಾಗಿದ್ದಾರೆ. ವರದಿಯನ್ನು ನನ್ನ ಕಡೆಗೆ ತಳ್ಳಿದರು.

“ಇದು ಎಂತ ಜಾನೆಟ್? ಮ್ಯಾಗ್ನೆಟಿಕ್ ಸಿಗ್ನಲ್ ಇಲ್ಲವೇ ಇಲ್ಲ ಅಂತ ಉಂಟಲ್ಲ?”

“ಅದು ತಪ್ಪು ಸರ್.”

“ತಪ್ಪಾ? ಜರ್ಮನಿಯ ಮಿಷನ್ ತಪ್ಪು ಹೇಳ್ತದಾ? ಅಲ್ಲಿಗೇ ಕಳಿಸಿ ಅಂತ ಹಟ ಹಿಡಿದದ್ದು ನೀನೇ ಅಲ್ವಾ?”

ಹೌದು, ನಾನೇ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ನೀನು ಮರೆತಂತೆ ಕಾಣುತ್ತದೆ. ಉಳ್ಳಾಲದಲ್ಲಿ ನಿನ್ನ ಮನೆಯ ಹಿಂದೆ, ನೇತ್ರಾವತಿ ಕಡಲಿಗೆ ಸೇರುವ ಅಳಿವೆಯ ಕೆಸರಿನಲ್ಲಿ, ವರ್ಷಗಟ್ಟಲೆ ಮೊಣಕಾಲುದ್ದ ಇಳಿದು ನಾನು ಹುಡುಕಿದ ಬ್ಯಾಕ್ಟೀರಿಯಾ ಅವು. ಪ್ರತಿಯೊಂದರ ಮೈಯೊಳಗೆ ಕಾಂತಶಿಲೆಯ ಹರಳುಗಳ ಒಂದು ಸರಪಳಿ, ನನ್ನ ರೋಸರಿಯ ಹಾಗೆ, ನಿನ್ನ ಉಮ್ಮ ಜಪಕ್ಕೆ ಎಣಿಸುವ ತಸ್ಬೀಹಿನ ಮಣಿಗಳ ಹಾಗೆ. ಆ ಸರಪಳಿಯೇ ಅವುಗಳಿಗೆ ದಿಕ್ಸೂಚಿ. ಗಾಜಿನ ಮೇಲೆ ಒಂದು ಹನಿ ಕೆಸರುನೀರು ಇಟ್ಟು ಪಕ್ಕಕ್ಕೆ ಮ್ಯಾಗ್ನೆಟ್ ತಂದರೆ ಎಲ್ಲವೂ ಹನಿಯ ಒಂದೇ ಅಂಚಿಗೆ ಈಜಿ ಬಂದು ನೆರೆಯುತ್ತವೆ. ಮ್ಯಾಗ್ನೆಟನ್ನು ತಿರುಗಿಸಿ ಹಿಡಿದರೆ ಎಲ್ಲವೂ ಹಿಂದಿರುಗಿ ಇನ್ನೊಂದು ಅಂಚಿಗೆ ಓಡುತ್ತವೆ. ಅದನ್ನೇ ವಿಡಿಯೋ ಮಾಡಿ ಪ್ರಬಂಧ ಬರೆದೆ. ಹೆಸರು ಹಾಕುವ ಧೈರ್ಯವಿಲ್ಲದ ಯಾರೋ ಪುಣ್ಯಾತ್ಮ, ಆ ವಿಡಿಯೋ ಕಂಪ್ಯೂಟರಿನಲ್ಲಿ ಸೃಷ್ಟಿಸಿದ್ದು ಎಂದು ದೂರು ಕೊಟ್ಟ. ಸಮಿತಿಯಾಯಿತು. ಆಗ ನಾನು ಎದೆ ತಟ್ಟಿಕೊಂಡು ಹೇಳಿದೆ: ಸುಮಯ್ಯಾಳ ಲ್ಯಾಬಿಗೆ ಕಳಿಸಿ, ಅಲ್ಲಿ ಎಲೆಕ್ಟ್ರಾನ್ ಹೊಲೊಗ್ರಫಿ ಇದೆ, ಒಂದೊಂದು ಹರಳಿನ ಕಾಂತಕ್ಷೇತ್ರವನ್ನೂ ಚಿತ್ರ ತೆಗೆದು ಕೊಡುತ್ತಾರೆ, ಎಲ್ಲರ ಬಾಯಿ ಮುಚ್ಚುತ್ತದೆ.

ಮುಚ್ಚಿದ್ದು ನನ್ನ ಬಾಯಿ. ಈಗ ಸಮಿತಿ ಹೇಳುವುದು ಇಷ್ಟು: ಪ್ರಬಂಧವನ್ನು ನಾನೇ ಹಿಂದಕ್ಕೆ ಪಡೆದು ತಪ್ಪೊಪ್ಪಿಕೊಳ್ಳಬೇಕು. ಇಲ್ಲವಾದರೆ ನನ್ನನ್ನು ಮೋಸಗಾತಿ ಎಂದು ಬರೆದು ಕಳಿಸುತ್ತಾರೆ. ಆಮೇಲೆ ನನಗೆ ಲ್ಯಾಬೂ ಇಲ್ಲ, ಸಂಶೋಧನೆಯೂ ಇಲ್ಲ, ಈ ಊರಿನಲ್ಲಿ ತಲೆಯೆತ್ತಿ ನಡೆಯುವ ಹಾಗೂ ಇಲ್ಲ.

ನನ್ನ ಸಿಟ್ಟು ಸೊನ್ನೆ ಬಂದದ್ದಕ್ಕಲ್ಲ, ಯಂತ್ರಕ್ಕೆ ಏನು ಬೇಕಾದರೂ ಬರಬಹುದು. ಆ ಸೊನ್ನೆಯನ್ನು ನೋಡಿದ ದಿನ ನೀನು ನನಗೆ ಒಂದು ಫೋನ್ ಮಾಡಲಿಲ್ಲ. “ಜಾನೆಟ್, ಇದು ಹೇಗೆ ಸಾಧ್ಯ ಮಾರಾಯ್ತಿ?” ಎಂದು ಕೇಳಲಿಲ್ಲ. ನಾನು ಸುಳ್ಳು ಹೇಳಿರಬಹುದು ಎಂದು ನಿನಗೂ ಅನ್ನಿಸಿತೇ? ಅದಕ್ಕೆ ಮಾತ್ರ ಉತ್ತರ ಬರೆ.

ಇಲ್ಲಿ ಮೋಸಗಾತಿ ಎನಿಸಿಕೊಳ್ಳಲು ಸರದಿಯಲ್ಲಿ ನಿಂತಿರುವ,
ಜಾನೆಟ್


ಡ್ರೆಸ್ಡೆನ್
26 ಜೂನ್ 2024

ಪ್ರೀತಿಯ ಜಾನೆಟ್,

ಕುರ್ಚಿಯಲ್ಲಿ ಕುಳಿತೇ ಓದಿದೆ. ಎರಡನೆಯ ಸಲ ನಿಂತುಕೊಂಡು ಓದಿದೆ, ಯಾಕೆಂದರೆ ಅಷ್ಟು ಹೊತ್ತಿಗೆ ನನಗೂ ಸಿಟ್ಟು ಬಂದಿತ್ತು.

ಅದು ತನಿಖೆಗೆ ಬಂದ ಮಾದರಿ. ನಿನಗೆ ಫೋನ್ ಮಾಡಿ, ನಿನ್ನಿಂದ ವಿವರ ಕೇಳಿ ವರದಿ ಬರೆದಿದ್ದರೆ ಅದಕ್ಕೆ ಎಂಥ ಬೆಲೆ? ನಾಳೆ ಅದೇ ಪುಣ್ಯಾತ್ಮ ಇಬ್ಬರೂ ಒಂದೇ ಬೆಂಚಿನವರು ಎಂದು ಇನ್ನೊಂದು ದೂರು ಬರೆಯುತ್ತಿದ್ದ. ಗೆಳತಿಯ ಕೆಲಸವೆಂದು ನಾನು ಸಡಿಲ ಬಿಟ್ಟೆ ಎಂಬ ಮಾತು ಬರಬಾರದೆಂದು ಎಲ್ಲರಿಗಿಂತ ಬಿಗಿಯಾಗಿ ನಡೆದುಕೊಂಡೆ. ಅದನ್ನೇ ನೀನು ದ್ರೋಹವೆಂದು ಓದುತ್ತಿದ್ದೀಯ.

ನಾವು ಏನು ಮಾಡುತ್ತೇವೆಂದು ಸರಿಯಾಗಿ ತಿಳಿದುಕೋ. ಎಲೆಕ್ಟ್ರಾನುಗಳ ಒಂದು ಕಿರಣವನ್ನು ಎರಡಾಗಿ ಒಡೆಯುತ್ತೇವೆ. ಒಂದು ಭಾಗ ಹರಳಿನ ಮೂಲಕ ಹಾಯುತ್ತದೆ, ಇನ್ನೊಂದು ಪಕ್ಕದ ಖಾಲಿ ಜಾಗದ ಮೂಲಕ. ಎರಡನ್ನೂ ಮತ್ತೆ ಕೂಡಿಸಿದರೆ ಸೀರೆಯ ಪಟ್ಟೆಗಳಂಥ ಗೆರೆಗಳು ಮೂಡುತ್ತವೆ. ಆ ಗೆರೆಗಳು ಎಲ್ಲೆಲ್ಲಿ ಎಷ್ಟು ಸರಿದಿವೆ ಎಂದು ನೋಡಿ, ಹರಳಿನ ಮೂಲಕ ಬಂದ ಭಾಗಕ್ಕೆ ದಾರಿಯಲ್ಲಿ ಏನು ಎದುರಾಯಿತೆಂದು ಲೆಕ್ಕ ಹಾಕುತ್ತೇವೆ. ಸಾಮಾನ್ಯ ಚಿತ್ರದಲ್ಲಿ ಕಾಣುವುದು ಹರಳಿನ ಆಕಾರ ಮಾತ್ರ. ಇದರಲ್ಲಿ ಅದರ ಸುತ್ತಲಿನ ಕಾಂತಕ್ಷೇತ್ರವೂ ಕಾಣುತ್ತದೆ.

ತೊಂದರೆ ಒಂದೇ. ಗೆರೆ ಸರಿಯುವುದು ಕಾಂತದಿಂದ ಮಾತ್ರವಲ್ಲ, ಹರಳಿನ ದಪ್ಪದಿಂದಲೂ ಸರಿಯುತ್ತದೆ. ಎರಡನ್ನು ಬೇರೆ ಮಾಡಲು ಹರಳಿನ ಕಾಂತವನ್ನು ಒಂದು ದಿಕ್ಕಿಗೆ ಮಾಡಿ ಒಂದು ಚಿತ್ರ, ತಿರುಗಿಸಿ ಇನ್ನೊಂದು ಚಿತ್ರ ತೆಗೆಯುತ್ತೇವೆ. ದಪ್ಪ ಎರಡು ಸಲವೂ ಅಷ್ಟೇ ಇರುತ್ತದೆ. ಕಾಂತ ಮಾತ್ರ ತಿರುವುಮುರುವಾಗುತ್ತದೆ. ಒಂದರಿಂದ ಒಂದು ಕಳೆದರೆ ಉಳಿಯುವುದು ಕಾಂತವೊಂದೇ. ಹಿಂದೆ ಇದಕ್ಕೆ ವಾರವಿಡೀ ಕುಳಿತುಕೊಳ್ಳುತ್ತಿದ್ದೆ. ಈಗ ನಮ್ಮ ಹೊಸ ವಿಧಾನದಲ್ಲಿ ಯಂತ್ರವೇ ನೂರಾರು ಹೊಲೊಗ್ರಾಮ್ ತೆಗೆದು, ಜೋಡಿಸಿ, ಕಳೆದು, ಒಂದೇ ಬೆಳಗಿನಲ್ಲಿ ಕೊನೆಯ ಚಿತ್ರವನ್ನು ಕೈಗೆ ಕೊಡುತ್ತದೆ. ನೀನು ಬ್ಯಾಕ್ಟೀರಿಯಾ ಒಣಗಿಸಿ ಕಳಿಸಿದ ತಾಮ್ರದ ಜಾಲರಿಗಳನ್ನೆಲ್ಲ ಯಂತ್ರಕ್ಕೆ ಹಾಕಿದೆ. ಎಲ್ಲದರಲ್ಲೂ ಸೊನ್ನೆ ಬಂತು. ನಾನು ಏನು ಬರೆಯಬೇಕಿತ್ತು?

ಆದರೂ ನಿನಗಾಗಿ ನಮ್ಮ ಲ್ಯಾಬಿನ ಮುಖ್ಯಸ್ಥ ಪ್ರೊಫೆಸರ್ ಹತ್ತಿರ ಮಾತಾಡಿದ್ದೇನೆ. ಮಾದರಿ ದಾರಿಯಲ್ಲಿ ಕೆಟ್ಟಿರಬಹುದು, ಆದ್ದರಿಂದ ಫಲಿತಾಂಶ ಅಂತಿಮವಲ್ಲ ಎಂದು ಒಂದು ಸಾಲು ಬರೆದುಕೊಡಲು ಅವರು ಒಪ್ಪಿದ್ದಾರೆ. ಅದನ್ನು ಸಮಿತಿಗೆ ಕೊಡು. ಯಾರೂ ಸುಳ್ಳುಗಾರರಾಗುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ನೀನು ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸಲಿಲ್ಲ. ನಿನಗೆ ಎಲ್ಲೋ ಕಣ್ಣು ತಪ್ಪಿರಬೇಕು ಎಂದುಕೊಂಡೆ.

ನಿನ್ನವಳೇ,
ಸುಮಯ್ಯಾ


ಕಂಕನಾಡಿ, ಮಂಗಳೂರು
15 ಜುಲೈ 2024

ಸುಮಯ್ಯಾ,

ದಾರಿಯಲ್ಲಿ ಕೆಟ್ಟಿರಬಹುದಂತೆ! ಅವೇನು ಬಂಗುಡೆ ಮೀನಾ, ಐಸ್ ಕರಗಿ ಕೊಳೆಯಲು? ಬ್ಯಾಕ್ಟೀರಿಯಾ ಸತ್ತು ಮಣ್ಣಾದ ಮೇಲೂ ಲಕ್ಷಾಂತರ ವರ್ಷ ಕೆಸರಿನಲ್ಲಿ ಉಳಿಯುವ ಹರಳು ಅದು. ವಿಮಾನ ಹತ್ತಿದ ಮಾತ್ರಕ್ಕೆ ತನ್ನ ಕಾಂತ ಮರೆತುಬಿಡುತ್ತದೆಯೇ? ಭೌತಶಾಸ್ತ್ರ ಓದಿದವಳು ನೀನು. ಆ ಸಾಲನ್ನು ನಿನ್ನ ಪ್ರೊಫೆಸರ್ ಬರೆದರೆ ನಗು ಬರುತ್ತದೆ. ನೀನು ಅದನ್ನು ಉಪಕಾರವೆಂದು ನನಗೆ ದಾಟಿಸಿದೆಯಲ್ಲ, ಅದಕ್ಕೆ ಅಳು ಬರುತ್ತದೆ. ನನಗೆ ಆ ಉಪಕಾರ ಬೇಡ. ನಿನ್ನ ಪತ್ರವನ್ನು ಸಮಿತಿಗೆ ತೋರಿಸಲಿಲ್ಲ.

ಕಣ್ಣು ತಪ್ಪಿರಬೇಕಂತೆ. ಯಾರ ಕಣ್ಣು? ನನ್ನ ಕಣ್ಣಿಗಾದರೂ ಅವು ಈಜುವುದು ಪ್ರತಿದಿನ ಕಾಣುತ್ತದೆ.

ಕಳೆದ ವಾರ ಸಮಿತಿ ಕೂತಿತು. ಜೆರೋಮ್ ಸರ್ ತುಂಬ ಅಕ್ಕರೆಯಿಂದ ನನ್ನನ್ನು ಬದಿಗೆ ಕರೆದರು. ನನಗೆ ಅವರ ಬೈಗುಳಕ್ಕಿಂತ ಆ ಅಕ್ಕರೆಯ ಭಯವೇ ಹೆಚ್ಚು.

“ನೋಡು, ಸುಲಭದ ದಾರಿ ಉಂಟು. ನಿನ್ನ ಸ್ಟೂಡೆಂಟ್ ಶರೊನ್ ಬೇರೆ ಬಾಟ್ಲಿಯ ಕೆಸರನ್ನು ತಪ್ಪಿ ಕಳಿಸಿದ್ಲು ಅಂತ ಹೇಳು. ಅವಳು ಈಗಷ್ಟೇ ಪಿಎಚ್‌ಡಿಗೆ ಸೇರಿದವಳು, ಅವಳಿಗೆ ಎಂತ ಆಗುದಿಲ್ಲ.”

“ಅವಳು ಕಳಿಸಲೇ ಇಲ್ಲ ಸರ್. ಎಲ್ಲ ನಾನೇ ಮಾಡಿದ್ದು.”

“ಅದು ಯಾರಿಗೆ ಗೊತ್ತು ಮಾರಾಯ್ತಿ?”

“ನನಗೆ ಗೊತ್ತುಂಟಲ್ಲ ಸರ್. ಅದೆಲ್ಲ ಬಿಡಿ, ನನ್ನ ಲ್ಯಾಬ್ ಇದೇ ಕಟ್ಟಡದಲ್ಲಿ ಕೆಳಗೆ ಉಂಟು. ಈಗಲೇ ಬನ್ನಿ, ತೋರಿಸ್ತೇನೆ. ಒಂದು ಹನಿ, ಒಂದು ಮ್ಯಾಗ್ನೆಟ್. ನಿಮ್ಮ ಕಣ್ಣಿಂದಲೇ ನೋಡಿ.”

“ನಾವು ನೋಡಿ ಎಂತ ಮಾಡುದು? ರಿಪೋರ್ಟ್ ಬಂದು ಆಯ್ತಲ್ಲ.”

ಕೇಳಿದೆಯಾ? ವಿಜ್ಞಾನ ಕಲಿಸಿ ನಿವೃತ್ತರಾದವರು. ನೋಡುವುದರಿಂದ ಪ್ರಯೋಜನವಿಲ್ಲ ಎನ್ನುತ್ತಾರೆ. ನನಗೆ ಮೇಜು ಮಗುಚುವಷ್ಟು ಕೋಪ ಬಂದಿತ್ತು. ಮಗುಚಲಿಲ್ಲ, ಅದರ ಮೇಲೆ ಅವರೆಲ್ಲರ ಚಹಾ ಇತ್ತು.

ನೋಡಿದವರು ಯಾರು ಗೊತ್ತೇ? ನಿನ್ನ ಉಮ್ಮ. ಮಂಡಿ ತೋರಿಸಲು ಕಂಕನಾಡಿ ಆಸ್ಪತ್ರೆಗೆ ಬಂದವರು, ಉಳ್ಳಾಲದ ಬಸ್ಸಿಗೆ ಹೊತ್ತಿದೆ ಎಂದು ನನ್ನ ಲ್ಯಾಬಿಗೆ ಬಂದು ಕುಳಿತರು. ತೋರಿಸಿದೆ. ಮ್ಯಾಗ್ನೆಟ್ ತಿರುಗಿಸಿದಾಗ ಎಲ್ಲವೂ ಹಿಂದಿರುಗಿ ಓಡಿದ್ದು ಕಂಡು ಜೋರಾಗಿ ನಕ್ಕುಬಿಟ್ಟರು.

“ನಮ್ಮ ಹಿತ್ತಿಲ ಕೆಸರಲ್ಲಿ ಇಷ್ಟೆಲ್ಲ ಉಂಟಾ? ಸುಮಯ್ಯಾ ಇದನ್ನು ನೋಡಿದ್ದಾಳಾ?”

“ಇಲ್ಲ ಉಮ್ಮ. ಅವಳು ನೋಡುದು ಸತ್ತ ಮೇಲೆ, ಒಣಗಿಸಿ ಕಳಿಸಿದ್ದನ್ನು.”

ಒಣಗಿಸಿದ್ದು ಎಂದಾಗ ಒಂದು ಮಾತು. ಉದ್ದಿನ ಕಾಳಿನಷ್ಟು ಅಗಲದ ಆ ತಾಮ್ರದ ಜಾಲರಿಗಳ ಮೇಲೆ ಹನಿ ಇಟ್ಟು ಸುಮ್ಮನೆ ಒಣಗಲು ಬಿಟ್ಟವಳಲ್ಲ ನಾನು. ನಿನಗೆ ಹುಡುಕಲು ಕಷ್ಟವಾಗಬಾರದೆಂದು ಹತ್ತಿರ ಮ್ಯಾಗ್ನೆಟ್ ಇಟ್ಟು, ಒಂದೊಂದು ಬ್ಯಾಕ್ಟೀರಿಯಾವೂ ಜಾಲರಿಯ ಅಂಚಿನಲ್ಲಿ ಗುರುತಿಗೆಂದು ಕೊರೆದ ಕಚ್ಚಿನ ಕಡೆಗೆ ಮುಖ ಮಾಡುವಂತೆ, ಅಸೆಂಬ್ಲಿಗೆ ಮಕ್ಕಳನ್ನು ನಿಲ್ಲಿಸುವ ಹಾಗೆ ಸಾಲಾಗಿ ನಿಲ್ಲಿಸಿ ಒಣಗಿಸಿದೆ. ಕಾಂತವೇ ಇಲ್ಲದ್ದಾದರೆ ಅವು ನನ್ನ ಮುಖ ನೋಡಿ ಸಾಲಾಗಿ ನಿಂತವೇ? ಉತ್ತರ ಹೇಳು, ಡಾಕ್ಟರ್ ಸುಮಯ್ಯಾ.

ಆಗಸ್ಟ್ ಕೊನೆಯೊಳಗೆ ತಪ್ಪೊಪ್ಪಿಗೆ ಕೊಡಬೇಕಂತೆ. ನಾನು ಕೊಡುವುದಿಲ್ಲ.

ಸಿಟ್ಟು ಇಳಿಯದ,
ಜಾನೆಟ್


ಡ್ರೆಸ್ಡೆನ್
1 ಆಗಸ್ಟ್ 2024

ಜಾನೆಟ್,

ಒಂದೇ ಪ್ರಶ್ನೆ. ಕಚ್ಚಿನ ಕಡೆಗೆ ಮುಖ ಮಾಡಿ ನಿಲ್ಲಿಸಿದೆ ಎಂದೆಯಲ್ಲ, ಅದು ಎಲ್ಲ ಜಾಲರಿಗಳಲ್ಲೂ ಹೌದೇ? ಒಂದನ್ನೂ ಬಿಡದೆ? ಇದಕ್ಕೆ ಮಾತ್ರ ಬೇಗ ಉತ್ತರಿಸು. ಬೇರೆ ಏನನ್ನೂ ಈಗ ಬರೆಯಲಾರೆ.

ಸುಮಯ್ಯಾ


ಕಂಕನಾಡಿ, ಮಂಗಳೂರು
19 ಆಗಸ್ಟ್ 2024

ಸುಮಯ್ಯಾ,

ನಾಲ್ಕು ಹಾಳೆ ಬರೆದವಳಿಗೆ ನಾಲ್ಕು ಸಾಲಿನ ಉತ್ತರ. ಹೌದು, ಎಲ್ಲದರಲ್ಲೂ. ನಾನು ಕೆಲಸ ಮಾಡುವುದೇ ಹಾಗೆ. ಎಂ.ಎಸ್‌ಸಿ.ಯಲ್ಲಿ ನನ್ನ ಸ್ಲೈಡುಗಳನ್ನು ನೋಡಿ, ಇವಳು ಬಟ್ಟೆಯನ್ನೂ ಸ್ಕೇಲ್ ಹಿಡಿದು ಮಡಚುತ್ತಾಳೆ ಎಂದು ತಮಾಷೆ ಮಾಡಿದವಳು ನೀನೇ.

ಈ ಪ್ರಶ್ನೆ ಯಾಕೆ ಎಂದು ಹೇಳುವ ಸೌಜನ್ಯವೂ ನಿನಗಿಲ್ಲ. ಇದರಲ್ಲೂ ನನ್ನದೇ ಏನೋ ತಪ್ಪು ಹುಡುಕುತ್ತಿದ್ದೀಯ ಎಂದು ಊಹಿಸಿದ್ದೇನೆ. ಹುಡುಕು.

ಇಲ್ಲಿಯ ಸುದ್ದಿ: ಲ್ಯಾಬಿನ ಬೀಗದ ಕೈಯನ್ನು ಆಫೀಸಿನವರು ತೆಗೆದುಕೊಂಡರು. ವಿಚಾರಣೆ ಮುಗಿಯುವವರೆಗೆ ಎಂದರು. ಒಳಗೆ ಭರಣಿಗಳಲ್ಲಿ ಜೀವಂತ ಕೆಸರು ಇದೆ, ನೀರು ಆರಿದರೆ ಎಲ್ಲವೂ ಸಾಯುತ್ತವೆ ಎಂದೆ. ಗುಮಾಸ್ತರು ಪಾಪ, ಕಿಟಕಿಯಿಂದ ನೀರು ಹಾಕಬಹುದಾ ಮೇಡಂ ಎಂದು ಕೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶರೊನ್ ಅಳುತ್ತ ಮನೆಗೆ ಹೋದಳು, ಬೇರೆ ಗೈಡ್ ಹುಡುಕು ಎಂದು ಅವಳಿಗೆ ನಾನೇ ಹೇಳಿದ್ದೇನೆ. ಸ್ಟಾಫ್ ರೂಮಿನಲ್ಲಿ ನಾನು ಒಳಗೆ ಬಂದ ಕೂಡಲೇ ಮಾತು ಮಳೆಯ ಕಡೆಗೆ ತಿರುಗುತ್ತದೆ.

ತಪ್ಪೊಪ್ಪಿಗೆಯ ಕರಡನ್ನು ಅವರೇ ಟೈಪ್ ಮಾಡಿ ತಂದಿದ್ದರು. ನನಗೆ ಕಷ್ಟವಾಗಬಾರದೆಂದು! ಎರಡು ತುಂಡು ಮಾಡಿ ಅವರ ಮುಂದೆಯೇ ಇಟ್ಟೆ. ಸೆಪ್ಟೆಂಬರ್ ಕೊನೆಗೆ ತೀರ್ಪು.

ಜಾನೆಟ್


ಡ್ರೆಸ್ಡೆನ್
9 ಸೆಪ್ಟೆಂಬರ್ 2024

ಪ್ರೀತಿಯ ಜಾನೆಟ್,

ನಿನ್ನ ಬ್ಯಾಕ್ಟೀರಿಯಾಗಳಲ್ಲಿ ಕಾಂತವಿದೆ. ಮೊದಲ ದಿನದಿಂದಲೂ ಇತ್ತು. ತಪ್ಪು ನನ್ನದು.

ಹೇಗಾಯಿತೆಂದು ಹೇಳುತ್ತೇನೆ. ಹರಳಿನ ಕಾಂತವನ್ನು ತಿರುಗಿಸಲು ನಾವು ಬಳಸುವುದು ಸೂಕ್ಷ್ಮದರ್ಶಕದ ಲೆನ್ಸನ್ನೇ. ಅದೇ ಒಂದು ದೊಡ್ಡ ಮ್ಯಾಗ್ನೆಟ್, ಮೇಲಿನಿಂದ ಕೆಳಕ್ಕೆ ಎಳೆಯುತ್ತದೆ. ಜಾಲರಿಯನ್ನು ಹಿಡಿದ ಕಡ್ಡಿಯನ್ನು ಇದ್ದಲ್ಲೇ ತಿರುಚಿ ಜಾಲರಿಯನ್ನು ಎಡಕ್ಕೆ ವಾಲಿಸಿ ಲೆನ್ಸ್ ಹಾಕಿ ಆರಿಸಿದರೆ ಕಾಂತ ಒಂದು ದಿಕ್ಕಿಗೆ, ಬಲಕ್ಕೆ ವಾಲಿಸಿ ಹಾಗೆಯೇ ಮಾಡಿದರೆ ಇನ್ನೊಂದು ದಿಕ್ಕಿಗೆ. ಈಗ ಒಂದು ತಟ್ಟೆಯ ಮೇಲೆ ಪೆನ್ಸಿಲ್ ಇಟ್ಟು, ತಟ್ಟೆಯನ್ನು ಎಡಕ್ಕೂ ಬಲಕ್ಕೂ ವಾಲಿಸಿ ನೋಡು. ಪೆನ್ಸಿಲ್ ಅಡ್ಡ ಮಲಗಿದ್ದರೆ ಅದರ ಒಂದು ತುದಿ ಮೇಲೇಳುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಅದು ನೇರ ನಿನ್ನ ಕಡೆಗೆ ತುದಿ ಮಾಡಿ ಮಲಗಿದ್ದರೆ? ಎಷ್ಟು ವಾಲಿಸಿದರೂ ಎರಡು ತುದಿಯೂ ಒಂದೇ ಮಟ್ಟದಲ್ಲಿರುತ್ತವೆ.

ನೀನು ಎಲ್ಲ ಸರಪಳಿಗಳನ್ನೂ ಕಚ್ಚಿನ ದಿಕ್ಕಿಗೆ ಮಲಗಿಸಿದೆ. ನಾನು ಎಲ್ಲ ಜಾಲರಿಗಳ ಕಚ್ಚನ್ನೂ ಕಡ್ಡಿಯ ದಿಕ್ಕಿಗೇ ನೇರ ಮಾಡಿ ಕೂರಿಸಿದೆ, ಅಂದರೆ ಎಲ್ಲವೂ ನಿನ್ನ ಕಡೆಗೆ ತುದಿ ಮಾಡಿದ ಪೆನ್ಸಿಲುಗಳೇ ಆದವು. ಅದು ನನ್ನ ಅಭ್ಯಾಸ. ಬೇರೆಯವರು ಹೇಗೆ ಬಂದರೆ ಹಾಗೆ ಹಾಕುತ್ತಾರೆ, ಬೇರೆ ಕಡೆಯಿಂದ ಬರುವ ಮಾದರಿಗಳಲ್ಲಿ ಸರಪಳಿಗಳೂ ಚೆಲ್ಲಾಪಿಲ್ಲಿ ಬಿದ್ದಿರುತ್ತವೆ. ಇಬ್ಬರಲ್ಲಿ ಒಬ್ಬಳು ಸ್ವಲ್ಪ ಸೋಮಾರಿಯಾಗಿದ್ದರೂ ಇದು ಆಗುತ್ತಿರಲಿಲ್ಲ. ಎಡಕ್ಕೆ ವಾಲಿಸಿದಾಗಲೂ ಬಲಕ್ಕೆ ವಾಲಿಸಿದಾಗಲೂ ಸರಪಳಿ ತಿರುಗಲೇ ಇಲ್ಲ. ಎರಡು ಸಲವೂ ಒಂದೇ ದಿಕ್ಕಿನ ಕಾಂತ. ತಿರುಗಿದೆ ಎಂದು ನಂಬಿ ಒಂದರಿಂದ ಒಂದು ಕಳೆದೆವು. ಸೊನ್ನೆ ಬಂತು.

ನನಗೆ ನಾಚಿಕೆಯಾಗುವುದು ಇನ್ನೊಂದಕ್ಕೆ. ಹಿಂದೆ ಪ್ರತಿಯೊಂದು ಹೊಲೊಗ್ರಾಮನ್ನೂ ನಾನೇ ಬಿಡಿಸಿ ನೋಡುತ್ತಿದ್ದೆ. ಈಗ ಯಂತ್ರ ಕೊಡುವ ಕೊನೆಯ ಚಿತ್ರವನ್ನಷ್ಟೇ ನೋಡುತ್ತೇನೆ. ನಿನ್ನ ಪತ್ರ ಬಂದ ಮೇಲೆ ಕಳೆಯುವುದಕ್ಕೆ ಮೊದಲಿನ ಚಿತ್ರಗಳನ್ನು ತೆರೆದೆ. ಪ್ರತಿಯೊಂದರಲ್ಲೂ ಹರಳುಗಳ ಆಚೆ, ಖಾಲಿ ಜಾಗದಲ್ಲಿ, ಕಾಂತದ ಗೆರೆಗಳು ಚೆನ್ನಾಗಿಯೇ ಬಿದ್ದಿದ್ದವು. ಮೇ ತಿಂಗಳಿನಿಂದ ನನ್ನ ಕಂಪ್ಯೂಟರಿನಲ್ಲೇ ಇದ್ದವು. ನಾನು ನೋಡಿರಲಿಲ್ಲ ಜಾನೆಟ್. ಫೋನ್ ಮಾಡಿದ್ದರೆ ನೀನು ಮೊದಲ ಬೈಗುಳದಲ್ಲೇ ಸಾಲಾಗಿ ನಿಲ್ಲಿಸಿದ್ದನ್ನು ಹೇಳಿಬಿಡುತ್ತಿದ್ದೆ.

ಆ ಚಿಕ್ಕ ಚೀಟಿ ಬರೆದಾಗ ನನಗೆ ಅನುಮಾನವಷ್ಟೇ ಇತ್ತು. ಯಂತ್ರದಲ್ಲಿ ಮತ್ತೆ ಹೊತ್ತು ಸಿಕ್ಕಿದ್ದು ಕಳೆದ ವಾರ. ನಿನ್ನ ಜಾಲರಿಯನ್ನು ಕಾಲು ಸುತ್ತು ತಿರುಗಿಸಿ ಹಾಕಿದೆ. ಚಿತ್ರ ಇದರ ಜೊತೆಗಿದೆ. ಗೆರೆಗಳು ಒಂದು ಹರಳಿನಿಂದ ಇನ್ನೊಂದಕ್ಕೆ, ಎಲ್ಲೂ ಕಡಿಯದೆ, ನೇರ ಹಾದುಹೋಗಿ ತುದಿಯಲ್ಲಿ ಹೊರಬಿದ್ದು ಅಗಲವಾಗಿ ಹರಡುತ್ತವೆ. ಇಷ್ಟು ಚೆಂದದ ಸರಪಳಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ವರದಿ ತಪ್ಪು, ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ನಿನ್ನ ಸಮಿತಿಗೆ ಬರೆದಿದ್ದೇನೆ. ಲ್ಯಾಬಿನ ಪರವಾಗಿ ಅಲ್ಲ, ನನ್ನ ಹೆಸರಿನಲ್ಲಿ. ನಮ್ಮ ಹೊಸ ವಿಧಾನದ ಪ್ರಬಂಧ ಅಚ್ಚಿಗೆ ಹೊರಟಿದೆ, ಅದು ಬರುವವರೆಗೆ ಸುಮ್ಮನಿರು ಎಂದು ಪ್ರೊಫೆಸರ್ ಹೇಳಿದ್ದರು. ಅನುಮತಿ ಕೊಡಲಿಲ್ಲ. ಆದರೂ ಕಳಿಸಿದೆ. ಇಲ್ಲಿ ಸ್ವಲ್ಪ ಗಲಾಟೆಯಾಗಿದೆ, ಅದು ದೊಡ್ಡ ವಿಷಯವಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ನಿನಗೆ ಸಿಟ್ಟು ಇರಬೇಕಾದದ್ದೇ.

ಸುಮಯ್ಯಾ


ಕಂಕನಾಡಿ, ಮಂಗಳೂರು
7 ಅಕ್ಟೋಬರ್ 2024

ಕತ್ತೆ ಸುಮಯ್ಯಾ,

ದೊಡ್ಡ ವಿಷಯವಲ್ಲವಂತೆ! ನಿನ್ನೆ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನಿನ್ನ ಉಮ್ಮ ಸಿಕ್ಕಿದರು. ನನ್ನ ಕೈ ಹಿಡಿದುಕೊಂಡು ಹೇಳಿದರು, “ಸುಮಯ್ಯಾಳ ಕೆಲಸ ನವೆಂಬರಿಗೆ ಮುಗೀತದಂತೆ. ಮುಂದೆ ಕೊಡುದಿಲ್ಲ ಅಂತ ಹೇಳಿದ್ದಾರಂತೆ. ನಿನಗೆ ಗೊತ್ತುಂಟಲ್ಲ?”

ಗೊತ್ತುಂಟು ಉಮ್ಮ ಎಂದು ಸುಳ್ಳು ಹೇಳಿದೆ. ಬಸ್ಸು ಬಂತು, ಹತ್ತಲಿಲ್ಲ. ಫ್ಲೈಓವರಿನ ಕೆಳಗೆ ನಿಂತುಕೊಂಡು ನಿನಗೆ ಮನಸಾರೆ ಬೈದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಸ್ವಲ್ಪ ದೂರ ಸರಿದರು. ಕಾಂತದ ವಿಷಯಕ್ಕೆ ಪುಟಗಟ್ಟಲೆ ಬರೆದವಳಿಗೆ ಇದನ್ನು ಬರೆಯಲು ಒಂದು ಸಾಲು ಸಿಗಲಿಲ್ಲವೇ? ತಪ್ಪು ಮಾಡಿದಾಗ ಕೆಲಸ ಗಟ್ಟಿಯಾಗಿತ್ತು. ತಪ್ಪು ತಿದ್ದಿದ ಕೂಡಲೇ ಹೋಯಿತು. ಈ ನ್ಯಾಯ ಇಲ್ಲಿ ಮಾತ್ರ ಎಂದುಕೊಂಡಿದ್ದೆ, ಜರ್ಮನಿಯಲ್ಲೂ ಇದೇ ಎಂದಾಯಿತು.

ಈಗ ನನ್ನ ಕಡೆಯದ್ದನ್ನು ಕೇಳು. ನಿನ್ನ ಪತ್ರವೂ ಚಿತ್ರವೂ ಸಮಿತಿಗೆ ಬಂದವು. ಜೆರೋಮ್ ಸರ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ತಮಗೆ ಮೊದಲೇ ನಂಬಿಕೆಯಿತ್ತು ಎಂದರು! ಲ್ಯಾಬಿನ ಬೀಗದ ಕೈ ಕೊಟ್ಟರು. ಭರಣಿಗಳಲ್ಲಿ ಅರ್ಧದಷ್ಟು ಒಣಗಿ ಹೋಗಿವೆ, ಉಳಿದವುಗಳಿಗೆ ಶರೊನ್ ಮರಳಿ ಬಂದು ನೀರು ಹಾಕಿದ್ದಾಳೆ. ಆಮೇಲೆ ತೀರ್ಪನ್ನು ಓದಿದರು. ಡಾ. ಜಾನೆಟ್ ನಿರ್ದೋಷಿ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಎದ್ದು ಬರುತ್ತಿದ್ದೆ. ಮುಂದಿನ ಸಾಲು: ಮೊದಲಿನ ಗೊಂದಲಕ್ಕೆ ಡಾ. ಸುಮಯ್ಯಾ ಅವರ ಗಂಭೀರ ನಿರ್ಲಕ್ಷ್ಯವೇ ಕಾರಣ, ಇದನ್ನು ಅವರ ಸಂಸ್ಥೆಯ ಗಮನಕ್ಕೆ ತರಲಾಗುವುದು.

ಒಪ್ಪಿಗೆಯೆಂದು ನನ್ನ ಸಹಿ ಬೇಕಿತ್ತು. ಪೆನ್ನನ್ನು ಕೆಳಗಿಟ್ಟೆ.

“ಎಂತ ಆಯ್ತು ಈಗ?” ಎಂದರು ಜೆರೋಮ್ ಸರ್.

“ಆ ಸಾಲು ತೆಗೀಬೇಕು ಸರ್. ಸರಪಳಿಗಳನ್ನು ಸಾಲಾಗಿ ಮಲಗಿಸಿದ್ದು ನಾನು. ಜಾಲರಿಗಳನ್ನು ಅದೇ ದಿಕ್ಕಿಗೆ ಕೂರಿಸಿದ್ದು ಅವಳು. ಆ ತಪ್ಪನ್ನು ಹುಡುಕಿದ್ದೂ ಅವಳೇ, ಯಾರೂ ಹೇಳದೆ. ಹಾಗೆ ಬರೆಯಿರಿ.”

“ನಿನಗೆ ಹುಚ್ಚಾ ಮಾರಾಯ್ತಿ? ಅವಳ ರಿಪೋರ್ಟಿನಿಂದಲೇ ಅಲ್ವಾ ನಿನ್ನ ಮಾನ ಹೋದದ್ದು?”

“ಮಾನ ಹೋದದ್ದು ನೀವು ಯಾರೂ ಕೆಳಗೆ ಬಂದು ನೋಡದ ಕಾರಣ. ಅವಳಾದರೂ ತಿರುಗಿ ನೋಡಿದ್ಲು. ಆ ಸಾಲು ಇರುವವರೆಗೆ ನಾನು ಸಹಿ ಹಾಕುದಿಲ್ಲ.”

ಸಹಿ ಇಲ್ಲದೆ ಪ್ರಕರಣ ಮುಗಿಯುವುದಿಲ್ಲವಂತೆ. ಅಂದರೆ ಕಾಗದದ ಮೇಲೆ ನಾನು ಇನ್ನೂ ಮೋಸಗಾತಿಯೇ. ಪ್ರಿನ್ಸಿಪಾಲರು ಹೊರಗೆ ಬಂದು, ಸಹಿ ಹಾಕಿ ಮುಗಿಸಿ ಮೇಡಂ, ಅವರು ಎಲ್ಲೋ ದೂರದಲ್ಲಿದ್ದಾರೆ, ಅವರಿಗೆ ಗೊತ್ತೂ ಆಗುವುದಿಲ್ಲ ಎಂದರು. ನನಗೆ ಗೊತ್ತಾಗುತ್ತದೆ ಎಂದೆ. ಪ್ರಕರಣ ಡಿಸೆಂಬರಿಗೆ ಮುಂದೆ ಹೋಯಿತು.

ಇದನ್ನು ಕ್ಷಮೆ ಎಂದು ತಿಳಿಯಬೇಡ. ನೀನು ನನ್ನನ್ನು ಕೇಳದೆ ನಂಬಿಕೆ ಬಿಟ್ಟದ್ದು ನನಗೆ ಇನ್ನೂ ನೋಯುತ್ತದೆ, ಬಹಳ ದಿನ ನೋಯುತ್ತದೆ. ನಿನಗೆ ಬೈಯುವ ಹಕ್ಕು ನನ್ನದು. ಜೆರೋಮ್ ಸರ್ ಅದನ್ನು ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸುವುದು ಬೇಡ.

ಹೇಗೂ ಡಿಸೆಂಬರಿನಲ್ಲಿ ನಿನಗೆ ಕೆಲಸವಿಲ್ಲ. ಟಿಕೆಟ್ ತೆಗೆದು ಬಾ. ಆ ಸಾಲನ್ನು ಅವರು ನಿನ್ನ ಮುಖ ನೋಡಿಕೊಂಡು ಓದಲಿ, ಧೈರ್ಯವಿದ್ದರೆ. ಸಮಿತಿಯ ಕೋಣೆಯಲ್ಲಿ ನನ್ನ ಪಕ್ಕಕ್ಕೆ ಇನ್ನೊಂದು ಕುರ್ಚಿ ಹಾಕಲು ಆಫೀಸಿನಲ್ಲಿ ಹೇಳಿ ಬಂದಿದ್ದೇನೆ. ಯಾರಿಗೆ ಎಂದು ಕೇಳಿದರು, ನಿನ್ನ ಹೆಸರು ಬರೆಸಿದೆ.

ಜಾನೆಟ್